ಬೆಳಿಗ್ಗೆ ಹೆಂಡತಿ, ಮಧ್ಯಾಹ್ನ ಅಮ್ಮ: ಪಂಡರಿಬಾಯಿ ವಯಸ್ಸಿನ ಲೆಕ್ಕ

ಒಂದು ಭಾನುವಾರ ಮೈಸೂರಿನ ನಮ್ಮ ಮನೆಗೆ ಅಕ್ಕನ ಮಗಳು ಬಂದಿದ್ದಳು. ಹನ್ನೆರಡು ವರ್ಷದ ಹುಡುಗಿ. ಬೆಳಿಗ್ಗೆ ಟಿವಿಯಲ್ಲಿ 'ಸತ್ಯ ಹರಿಶ್ಚಂದ್ರ' ಬರುತ್ತಿತ್ತು. 1965ರ ಚಿತ್ರ, ಆದರೆ 2008ರಲ್ಲಿ ಬಣ್ಣ ತುಂಬಿ ಮತ್ತೆ ಬಿಡುಗಡೆ ಮಾಡಿದ ಪ್ರತಿ. ನಮ್ಮಮ್ಮ ಅವರೆಕಾಯಿ ಸುಲಿಯುತ್ತಾ, ಗೊತ್ತಿರುವ ಕಥೆಗೇ ಮತ್ತೊಂದು ಸಲ ಕಣ್ಣೊರೆಸಿಕೊಂಡರು. ಊಟ ಮುಗಿದ ಮೇಲೆ ಇನ್ನೊಂದು ಚಾನೆಲ್‌ನಲ್ಲಿ 'ಅನುರಾಗ ಅರಳಿತು' ಶುರುವಾಯಿತು. ಅರ್ಧ ಗಂಟೆ ಕೂಡ ಆಗಿರಲಿಲ್ಲ, ಹುಡುಗಿ ನನ್ನ ಕಡೆ ತಿರುಗಿದಳು.

"ಮಾಮ, ಬೆಳಿಗ್ಗೆ ಇವರು ರಾಜ್‌ಕುಮಾರ್ ಹೆಂಡ್ತಿ ಆಗಿದ್ರಲ್ವಾ? ಈಗ ಹೆಂಗೆ ಅಮ್ಮ ಆದ್ರು?"

"ವಯಸ್ಸಾಯ್ತು ಪುಟ್ಟಿ," ಅಂದೆ.

"ರಾಜ್‌ಕುಮಾರ್‌ಗೆ ಆಗ್ಲಿಲ್ವಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಎರಡೂ ಚಿತ್ರ ಬಣ್ಣದಲ್ಲೇ ಇದ್ದದ್ದರಿಂದ, ನಡುವೆ ಇಪ್ಪತ್ತೊಂದು ವರ್ಷ ಕಳೆದಿದೆ ಅನ್ನುವುದು ಅವಳ ಕಣ್ಣಿಗೆ ಬಿದ್ದಿರಲಿಲ್ಲ. ಬಿದ್ದಿದ್ದರೂ ಪ್ರಶ್ನೆ ಹಾಗೇ ಉಳಿಯುತ್ತಿತ್ತು. ಇಪ್ಪತ್ತೊಂದು ವರ್ಷ ಇಬ್ಬರಿಗೂ ಕಳೆದಿತ್ತಲ್ಲ! ರಾಜ್‌ಕುಮಾರ್ ಹುಟ್ಟಿದ್ದು 1929ರಲ್ಲಿ. ಪಂಡರಿಬಾಯಿ ಕೂಡ ಹೆಚ್ಚೂ ಕಡಿಮೆ ಅದೇ ವಯಸ್ಸಿನವರು. 1986ರಲ್ಲಿ 'ಅನುರಾಗ ಅರಳಿತು' ಬಂದಾಗ ರಾಜ್‌ಕುಮಾರ್‌ಗೆ ಐವತ್ತೇಳು. ಅವರ ಎದುರು ನಾಯಕಿಯಾದ ಮಾಧವಿ ಅವರಿಗಿಂತ ಮೂವತ್ತಕ್ಕೂ ಹೆಚ್ಚು ವರ್ಷ ಚಿಕ್ಕವರು. ಸರೀಕಳಾದ ಪಂಡರಿಬಾಯಿ ಮಾತ್ರ ತಾಯಿ.

'ವಯಸ್ಸಾಯ್ತು' ಅನ್ನೋದು ಸುಮ್ನೆ ಬಾಯಿಗೆ ಬಂದ ಉತ್ತರ. ನಿಜವಾದ ಉತ್ತರ ಸ್ವಲ್ಪ ಉದ್ದ. ಅದಕ್ಕೆ ಪಂಡರಿಬಾಯಿಯ ಬದುಕನ್ನು ಮೊದಲಿಂದ ನೋಡಬೇಕು. ನಮ್ಮ ಚಿತ್ರರಂಗದಲ್ಲಿ 'ನಾಯಕಿ' ಅನ್ನುವ ಮಾತಿನ ಅರ್ಥವೇ ಹೇಗೆ ಬದಲಾಯಿತು ಅನ್ನುವುದನ್ನೂ ನೋಡಬೇಕು.

ಪಂಡರಿಬಾಯಿ ಭಟ್ಕಳದವರು. ಮನೆಯಲ್ಲಿ ಹರಿಕಥೆಯ ವಾತಾವರಣ. ಸಣ್ಣ ಹುಡುಗಿಯಾಗಿದ್ದಾಗಲೇ ಹರಿಕಥೆ ಮಾಡುತ್ತಿದ್ದರು, ನಾಟಕದ ರಂಗವನ್ನೂ ಹತ್ತಿದ್ದರು. ಪಂಢರಾಪುರದ ವಿಠಲನನ್ನು ನೆನಪಿಸುವ ಹೆಸರು. ಮುಂದೆ ಸ್ವಂತ ನಿರ್ಮಾಣ ಸಂಸ್ಥೆ ಮಾಡಿದಾಗ ಅದಕ್ಕೆ ಇಟ್ಟ ಹೆಸರೂ ಪಾಂಡುರಂಗನದೇ.

ಈ ಹರಿಕಥೆಯ ವಿಷಯವನ್ನು ಎಲ್ಲರೂ ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತಾರೆ. ನನಗೆ ಅನ್ನಿಸುವುದು, ಇಡೀ ಲೆಕ್ಕದ ಬೀಗದಕೈ ಇಲ್ಲೇ ಇದೆ. ಹರಿಕಥೆಯಲ್ಲಿ ನಿಂತಿರುವುದು ಒಬ್ಬರೇ. ಕೈಯಲ್ಲಿ ಚಿಟಿಕೆ ಅಥವಾ ತಾಳ, ಪಕ್ಕದಲ್ಲಿ ಹಾರ್ಮೋನಿಯಂ. ಆ ಒಬ್ಬರೇ ರಾಜ, ಅವರೇ ರಾಣಿ, ಹಾವು ಕಚ್ಚಿದ ಮಗುವೂ ಅವರೇ, ಆ ಮಗುವಿನ ಮೇಲೆ ಬಿದ್ದು ಅಳುವ ತಾಯಿಯೂ ಅವರೇ. ವೇಷ ಬದಲಿಸುವುದಿಲ್ಲ, ಬಣ್ಣ ಹಚ್ಚುವುದಿಲ್ಲ. ವಯಸ್ಸು, ಜಾತಿ, ಗಂಡು ಹೆಣ್ಣು ಎಲ್ಲವನ್ನೂ ದನಿಯಲ್ಲೇ ಹೊರಡಿಸಬೇಕು. ಹತ್ತು ಹನ್ನೆರಡರ ಹುಡುಗಿ ಇದನ್ನು ಕಲಿತರೆ, ಅವಳಿಗೆ 'ನನ್ನ ವಯಸ್ಸಿನ ಪಾತ್ರ' ಅನ್ನುವ ಗೆರೆಯೇ ಇರುವುದಿಲ್ಲ. ಮುಂದೆ ಚಿತ್ರರಂಗ ಈ ಕಸುಬನ್ನು ಬೇಕಾದ ಹಾಗೆ ಬಳಸಿಕೊಂಡಿತು.

ಸಿನಿಮಾಕ್ಕೆ ಅವರು ಬಂದ ಬಾಗಿಲು ಮೈಸೂರಿನದು. 1943ರ 'ವಾಣಿ'. ಅದನ್ನು ತೆಗೆದವರು ಪಿಟೀಲು ಚೌಡಯ್ಯ. ಹೌದು, ತಿರುಮಕೂಡಲಿನ, ಬಿಡಾರಂ ಕೃಷ್ಣಪ್ಪನವರ ಶಿಷ್ಯ, ಏಳು ತಂತಿಯ ಪಿಟೀಲಿನ ಚೌಡಯ್ಯನವರೇ. ನಿರ್ದೇಶನ ನಾಟಕ ಕಂಪನಿಯ ಕೆ. ಹಿರಣ್ಣಯ್ಯನವರದು. ಸಂಗೀತದವರೂ ನಾಟಕದವರೂ ಸೇರಿ ಮಾಡಿದ ಈ ಚಿತ್ರದಲ್ಲಿ ಹದಿನೈದರ ಆಸುಪಾಸಿನ ಪಂಡರಿಬಾಯಿ ಮೊದಲ ಸಲ ಕ್ಯಾಮೆರಾ ಮುಂದೆ ನಿಂತರು. ಆಗ ಕನ್ನಡ ಸಿನಿಮಾ ಅಂದರೆ ವರ್ಷಕ್ಕೆ ಬೆರಳೆಣಿಕೆಯಷ್ಟು ಚಿತ್ರ. ಒಂದೂ ಬಾರದ ವರ್ಷವೂ ಇತ್ತು. ಕನ್ನಡ ಒಂದನ್ನೇ ನಂಬಿದರೆ ಹೊಟ್ಟೆ ತುಂಬುವುದಿಲ್ಲ. ಸ್ಟುಡಿಯೋ, ಲ್ಯಾಬ್, ದುಡ್ಡು ಹೂಡುವವರು ಬಹುಪಾಲು ಮದ್ರಾಸಿನಲ್ಲಿ. ಕನ್ನಡದ ಕಲಾವಿದರು ಅಲ್ಲಿಗೇ ಹೋದರು. ಅಲ್ಲಿ ಒಂದು ಫ್ಲೋರ್‌ನಲ್ಲಿ ಕನ್ನಡ ಚಿತ್ರ, ಪಕ್ಕದ ಫ್ಲೋರ್‌ನಲ್ಲಿ ತಮಿಳು, ಅದರಾಚೆ ತೆಲುಗು. ನಾಲಿಗೆ ತಿರುಗುವವರಿಗೆ ಮೂರು ಕಡೆಯೂ ಕೆಲಸ. ಪಂಡರಿಬಾಯಿ ಕನ್ನಡದ ಜೊತೆ ತಮಿಳು, ತೆಲುಗು, ಹಿಂದಿ ಚಿತ್ರಗಳಲ್ಲೂ ಕಾಣಿಸಿದ್ದು ಹೀಗೆ.

ಈಗ 1952ಕ್ಕೆ ಬನ್ನಿ. ಮದ್ರಾಸಿನ ಎವಿಎಂ ಸ್ಟುಡಿಯೋದಲ್ಲಿ ತಮಿಳಿನ 'ಪರಾಶಕ್ತಿ' ತಯಾರಾಗುತ್ತಿದೆ. ನಾಯಕ ಹೊಸಬ, ನಾಟಕದಿಂದ ಬಂದ ಸಣಕಲು ಹುಡುಗ. ಇವನನ್ನು ತೆಗೆದು ಬೇರೆಯವರನ್ನು ಹಾಕಿ ಅಂತ ಸ್ಟುಡಿಯೋ ಕಡೆಯಿಂದ ಮಾತು ಬಂತು. ನಿರ್ಮಾಪಕ ಪಿ.ಎ. ಪೆರುಮಾಳ್ ಪಟ್ಟು ಬಿಡದೆ ಉಳಿಸಿಕೊಂಡರು. ಆ ಹುಡುಗ ಶಿವಾಜಿ ಗಣೇಶನ್. ಎದುರಿಗೆ ನಾಯಕಿ ಪಂಡರಿಬಾಯಿ. ಅಷ್ಟು ಹೊತ್ತಿಗೆ ಅವರು ಒಂಬತ್ತು ವರ್ಷದ ಅನುಭವಸ್ಥೆ.

ಎರಡು ವರ್ಷ ಬಿಟ್ಟು, 1954ರಲ್ಲಿ, ಕನ್ನಡದಲ್ಲೂ ಹೆಚ್ಚೂ ಕಡಿಮೆ ಹೀಗೇ ಆಯಿತು: ನಾಯಕ ಹೊಸಬ, ನಾಯಕಿ ಅನುಭವಸ್ಥೆ. 'ಬೇಡರ ಕಣ್ಣಪ್ಪ'. ನಿರ್ದೇಶಕ ಎಚ್.ಎಲ್.ಎನ್. ಸಿಂಹ. ಮುತ್ತುರಾಜ ಅನ್ನುವ ನಾಟಕದ ನಟ ಈ ಚಿತ್ರಕ್ಕಾಗಿ ರಾಜ್‌ಕುಮಾರ್ ಆದ. ನರಸಿಂಹರಾಜು, ನಂಜನಗೂಡಿನ ಜಿ.ವಿ. ಅಯ್ಯರ್ ಕೂಡ ಬೆಳಕಿಗೆ ಬಂದದ್ದು ಇದರಲ್ಲೇ. ಇವರ ನಡುವೆ ಕ್ಯಾಮೆರಾ ಎಲ್ಲಿದೆ, ಲೈಟು ಎಲ್ಲಿ ಬೀಳುತ್ತದೆ ಅಂತ ಚೆನ್ನಾಗಿ ಗೊತ್ತಿದ್ದವರು ಕಣ್ಣಪ್ಪನ ಹೆಂಡತಿ ನೀಲಾ, ಅಂದರೆ ಪಂಡರಿಬಾಯಿ. ದಕ್ಷಿಣದ ಇಬ್ಬರು ಮಹಾನ್ ನಟರು ನಾಯಕರಾಗಿ ಕಾಲಿಟ್ಟ ಮೊದಲ ಚಿತ್ರಕ್ಕೆ ಒಬ್ಬರೇ ನಾಯಕಿ. ಇದನ್ನು ಕ್ವಿಜ್ ಪ್ರಶ್ನೆಯ ಹಾಗೆ ಹೇಳಿ ಬಿಡುವುದು ವಾಡಿಕೆ. ನಾನು ಗಮನಿಸಲು ಕೇಳುವುದು ಬೇರೆ ಒಂದು ವಿಷಯವನ್ನು. ಆ ದಿನ ಸೆಟ್‌ನಲ್ಲಿ ಹಿರಿಯರು ಯಾರು, ಕಿರಿಯರು ಯಾರು? ಕಸುಬಿನಲ್ಲಿ ಹಿರಿಯಳಾದವಳು ಹೆಂಡತಿ, ಕಿರಿಯನಾದವನು ಗಂಡ. ಮೂವತ್ತೆರಡು ವರ್ಷ ಆದ ಮೇಲೆ ಆ ಹಿರಿತನ ತೆರೆಯ ಮೇಲೂ ಬಂದುಬಿಟ್ಟಿತು, ಬೇರೆ ರೂಪದಲ್ಲಿ.

ಅದೇ 1954ರಲ್ಲಿ ಅವರು ತಮಿಳಿನಲ್ಲಿ 'ಅಂದ ನಾಳ್' ಮಾಡಿದರು. ವೀಣೆಯ ಎಸ್. ಬಾಲಚಂದರ್ ನಿರ್ದೇಶನ. ಒಂದೂ ಹಾಡಿಲ್ಲದ ಪತ್ತೇದಾರಿ ಚಿತ್ರ. ಆ ಕಾಲಕ್ಕೆ ಅದೊಂದು ಸಾಹಸವೇ. ಯುದ್ಧದ ಕಾಲದ ಮದ್ರಾಸ್. ಶಿವಾಜಿ ದೇಶದ್ರೋಹ ಮಾಡುವ ಗಂಡ. ಅವನನ್ನು ಕೊಂದದ್ದು ಯಾರು ಅನ್ನುವುದೇ ಕಥೆ. ಎಪ್ಪತ್ತು ವರ್ಷದ ಹಳೇ ಚಿತ್ರ, ಗುಟ್ಟು ಬಿಟ್ಟುಕೊಟ್ಟರೆ ಯಾರೂ ಬೈಯಲಾರರು: ಕೊಂದದ್ದು ಹೆಂಡತಿ. ಪಂಡರಿಬಾಯಿ ಅಂದರೆ ಬರೀ ಅಳು ಅಂದುಕೊಂಡವರು ಇದನ್ನು ಒಮ್ಮೆ ನೋಡಬೇಕು. ನಮ್ಮ ಮನೆಯಲ್ಲಿ ಯಾರಾದರೂ ಮೂಗು ಸೊರಗುಟ್ಟಿಸಿದರೆ ಅಮ್ಮ "ಪಂಡರಿಬಾಯಿ ಥರ ಶುರು ಹಚ್ಕೋಬೇಡ" ಅನ್ನುತ್ತಾರೆ. ಆ ಮಾತು ಅರ್ಧ ಮಾತ್ರ ನ್ಯಾಯ.

ಈಗ ಮುಖ್ಯ ವಿಷಯಕ್ಕೆ ಬರೋಣ. 1950ರ ದಶಕದ ಕನ್ನಡ ಚಿತ್ರದಲ್ಲಿ ನಾಯಕಿ ಅಂದರೆ ಯಾರು? ಪ್ರೇಯಸಿ ಅಲ್ಲ, ಹೆಂಡತಿ. ಭಕ್ತನ ಹೆಂಡತಿ, ರಾಜನ ಹೆಂಡತಿ, ಮನೆಯ ಸೊಸೆ. ಚಿತ್ರಗಳ ಹೆಸರೇ ಸಾಕ್ಷಿ. 1957ರಲ್ಲಿ ಪಂಡರಿಬಾಯಿ, ರಾಜ್‌ಕುಮಾರ್ ಇದ್ದ 'ರಾಯರ ಸೊಸೆ'. 1963ರಲ್ಲಿ 'ಕುಲವಧು', ಅದೇ ವರ್ಷ 'ಮನ ಮೆಚ್ಚಿದ ಮಡದಿ'. ಸೊಸೆ, ವಧು, ಮಡದಿ. ಕಥೆ ಶುರುವಾಗುವುದೇ ಮದುವೆ ಆದ ಮೇಲೆ. ಇಂಥ ನಾಯಕಿಗೆ ಮೂವತ್ತು ದಾಟಿದ್ದರೆ ತೊಂದರೆ ಇಲ್ಲ. ಮುಖದಲ್ಲಿ ತೂಕ ಇದ್ದರೆ ಒಳ್ಳೆಯದೇ. ಜೊತೆಗೆ ಈ ಹೆಂಡತಿ ಬಹಳ ಸಲ ತಾಯಿಯೂ ಆಗಿರುತ್ತಾಳೆ, ಅದೇ ಚಿತ್ರದಲ್ಲಿ.

'ಸತ್ಯ ಹರಿಶ್ಚಂದ್ರ' ಇದಕ್ಕೆ ತುದಿಯ ಉದಾಹರಣೆ. ನಿರ್ದೇಶಕ ಹುಣಸೂರು ಕೃಷ್ಣಮೂರ್ತಿ. ಹರಿಶ್ಚಂದ್ರ ರಾಜ್‌ಕುಮಾರ್, ವಿಶ್ವಾಮಿತ್ರ ಉದಯಕುಮಾರ್, ನಕ್ಷತ್ರಿಕ ನರಸಿಂಹರಾಜು, ಸುಡುಗಾಡಿನ ಒಡೆಯ ವೀರಬಾಹು ನಮ್ಮ ಮೈಸೂರಿನ ಪೈಲ್ವಾನ್ ಎಂ.ಪಿ. ಶಂಕರ್. ಚಂದ್ರಮತಿ ಪಂಡರಿಬಾಯಿ. ಆ ಸ್ಮಶಾನದ ದೃಶ್ಯ ನೆನಪಿಸಿಕೊಳ್ಳಿ. ಚಂದ್ರಮತಿ ಸತ್ತ ಮಗ ಲೋಹಿತಾಶ್ವನನ್ನು ಹೊತ್ತು ತರುತ್ತಾಳೆ. ಕಾವಲುಗಾರನಿಗೆ ಆಕೆ ತನ್ನ ಹೆಂಡತಿ ಅಂತ ಗೊತ್ತಿಲ್ಲ. ಆಕೆಗೂ ಇವನು ಗಂಡ ಅಂತ ಗೊತ್ತಿಲ್ಲ. ತೆರಿಗೆ ಕೊಡದೆ ಹೆಣ ಸುಡುವಂತಿಲ್ಲ ಅಂತ ಅವನು. ಕೊಡಲು ಏನೂ ಇಲ್ಲ ಅಂತ ಅವಳು. ಗುರುತು ಸಿಗುವ ತನಕ ಆ ದೃಶ್ಯದಲ್ಲಿ ಗಂಡ ಹೆಂಡತಿ ಇಲ್ಲವೇ ಇಲ್ಲ. ಒಬ್ಬ ಕಾವಲುಗಾರ ಇದ್ದಾನೆ, ಒಬ್ಬಳು ಮಗನನ್ನು ಕಳೆದುಕೊಂಡ ತಾಯಿ ಇದ್ದಾಳೆ. ರಾಘವಾಂಕನ ಕಾಲದಿಂದ ಕನ್ನಡದವರು ಅತ್ತುಕೊಂಡು ಬಂದಿರುವ ಜಾಗ ಅದು. ಹರಿಕಥೆಯಲ್ಲಿ ಬೆಳೆದ ನಟಿಗೆ ಅದು ಹೊಸ ಪಾಠವೇನಲ್ಲ.

ಆ ಚಿತ್ರಕ್ಕೆ ಅವರು ನಾಯಕಿ, ಜನ ನೆನಪಿಟ್ಟುಕೊಂಡಿರುವುದು ಮಾತ್ರ ಆ ತಾಯಿಯನ್ನು. ನೋಡುವವರ ತಲೆಯಲ್ಲಿ ಅಮ್ಮನ ಚಿತ್ರ ಆಗಲೇ ಕೂತಿತ್ತು. ನಾಯಕಿಯ ಪಟ್ಟ ಕಳಚಿದಾಗ ಉಳಿದದ್ದು ಅದು.

ಪಟ್ಟ ಕಳಚಿದ್ದು ಯಾಕೆ ಅಂತೀರಾ? ಕಥೆಗಳ ವಯಸ್ಸು ಇಳಿಯಿತು. 1960ರ ದಶಕದ ಕೊನೆಯ ಹೊತ್ತಿಗೆ ಪುರಾಣ, ಭಕ್ತಿಯ ಚಿತ್ರಗಳು ಕಡಿಮೆಯಾದವು. ಸಾಮಾಜಿಕ ಕಥೆ, ಅದರಲ್ಲೂ ಕಾದಂಬರಿ ಆಧಾರಿತ ಚಿತ್ರ ಜಾಸ್ತಿಯಾದವು. ಕಾಲೇಜು ಓದುವ ಹುಡುಗಿ, ಪ್ರೀತಿಸುವ ಹುಡುಗಿ, ಪ್ರೀತಿಯಲ್ಲಿ ಮೋಸ ಹೋಗುವ ಹುಡುಗಿ ನಾಯಕಿಯಾದಳು. ಜಯಂತಿ, ಕಲ್ಪನಾ, ಭಾರತಿ, ಆರತಿ ಬಂದರು. ಹೆಸರುಗಳನ್ನೇ ಮತ್ತೆ ನೋಡಿ: 1974ರಲ್ಲಿ 'ಎರಡು ಕನಸು', 1976ರಲ್ಲಿ 'ನಾ ನಿನ್ನ ಮರೆಯಲಾರೆ'. ಸೊಸೆ, ಮಡದಿ ಎಲ್ಲಿ ಹೋದರು? ಕಥೆ ಈಗ ಮದುವೆಯಾಗುವ ಹೊತ್ತಿಗೆ ಮುಗಿಯುತ್ತದೆ, ಇಲ್ಲವೇ ಮದುವೆ ಆಗದೆ ಹೋಗುತ್ತದೆ. ಹೆಂಡತಿ ಪಾತ್ರ ಮಾಡುತ್ತಿದ್ದವರು ಅಲ್ಲೇ ಇದ್ದರು. ಅವರ ಕಾಲಕೆಳಗಿನ ಕಥೆ ಸರಿದುಹೋಗಿತ್ತು.

ಸರಿಯದೇ ಉಳಿದವನು ನಾಯಕ. ಇದಕ್ಕೆ ಕಾರಣ ವ್ಯಾಪಾರ. ಚಿತ್ರ ಮಾರಾಟವಾಗುವುದು ಏರಿಯಾ ಲೆಕ್ಕದಲ್ಲಿ. ಬೆಂಗಳೂರು, ಕೋಲಾರ, ತುಮಕೂರು ಸೇರಿದರೆ, ಕನ್ನಡ ಚಿತ್ರ ವ್ಯಾಪಾರದ ಕೇಂದ್ರವಾದ ಗಾಂಧಿನಗರದ ಭಾಷೆಯಲ್ಲಿ 'ಬಿಕೆಟಿ'. ನಮ್ಮ ಮೈಸೂರು, ಮಂಡ್ಯದ ಜೊತೆ ಕೊಡಗು, ಹಾಸನ ಸೇರಿದರೆ 'ಎಂಎಂಸಿಎಚ್'. ಹಂಚಿಕೆದಾರ ತನ್ನ ಏರಿಯಾಕ್ಕೆ ದುಡ್ಡು ಕೊಡುವ ಮುಂಚೆ ಕೇಳುವ ಮೊದಲ ಮಾತು 'ಹೀರೋ ಯಾರು?' ಅನ್ನುವುದು. ಆ ಹೆಸರಿನ ಮೇಲೆ ದುಡ್ಡು ಬರುತ್ತದೆ, ಆ ದುಡ್ಡಿನಲ್ಲಿ ಚಿತ್ರ ಮುಗಿಯುತ್ತದೆ. ಹಾಗಿದ್ದ ಮೇಲೆ ನಾಯಕನನ್ನು ಬದಲಿಸುವ ಧೈರ್ಯ ಯಾರಿಗಿದೆ? ಹೊಸತನ ಬೇಕಲ್ಲ, ಅದಕ್ಕೆ ನಾಯಕಿಯನ್ನು ಬದಲಿಸುತ್ತಾರೆ. ನಾಯಕ ಚಿರಯುವಕ ಅನ್ನುವುದನ್ನು ನಂಬಿಸಲು ಪಕ್ಕದಲ್ಲಿ ಚಿಕ್ಕ ವಯಸ್ಸಿನ ಹುಡುಗಿ ಬೇಕು. ಮನೆಯೊಳಗೆ ಒಬ್ಬ ಅಮ್ಮನೂ ಬೇಕು. ಅಮ್ಮ ಇದ್ದರೆ ತಾನೇ ಅವನು 'ಮಗ' ಆಗುವುದು! ನಾಯಕನ ಯೌವನ ಹೀಗೆ ಎರಡು ಹೆಂಗಸರ ನಡುವೆ ನಿಂತಿರುತ್ತದೆ.

ಇದನ್ನು ಇನ್ನೂ ಸ್ಪಷ್ಟವಾಗಿ ನೋಡಬೇಕಾದರೆ ತಮಿಳಿನ 'ಕುಡಿಯಿರುಂದ ಕೋಯಿಲ್' ನೋಡಿ, 1968ರದ್ದು. ನಾಯಕ ಎಂಜಿಆರ್, ಹುಟ್ಟಿದ್ದು 1917. ಆತನ ತಾಯಿ ಪಂಡರಿಬಾಯಿ, ಎಂಜಿಆರ್‌ಗಿಂತ ಹತ್ತು ವರ್ಷಕ್ಕೂ ಮಿಕ್ಕಿ ಚಿಕ್ಕವರು. ನಾಯಕಿ ಜಯಲಲಿತಾ, ನಮ್ಮ ಮಂಡ್ಯ ಜಿಲ್ಲೆಯ ಮೇಲುಕೋಟೆಯಲ್ಲಿ 1948ರಲ್ಲಿ ಹುಟ್ಟಿದವರು, ಎಂಜಿಆರ್‌ಗಿಂತ ಮೂವತ್ತೊಂದು ವರ್ಷ ಚಿಕ್ಕವರು. ಐವತ್ತೊಂದರ ಮಗ, ನಲವತ್ತರ ಅಕ್ಕಪಕ್ಕದ ಅಮ್ಮ, ಇಪ್ಪತ್ತರ ಪ್ರೇಯಸಿ. ಇದನ್ನು ಹೇಳಿದಾಗ ನಮ್ಮ ಹುಡುಗಿ ಪೇಪರ್ ತಗೊಂಡು ಕಳೆಯುವ ಲೆಕ್ಕ ಹಾಕಿಯೇ ನೋಡಿದಳು.

ಮರುವರ್ಷದ 'ದೈವ ಮಗನ್' ಇನ್ನೂ ಸ್ವಾರಸ್ಯ. ಶಿವಾಜಿಗೆ ಮೂರು ಪಾತ್ರ: ಅಪ್ಪ, ಇಬ್ಬರು ಗಂಡುಮಕ್ಕಳು. ಅಪ್ಪ ಶಿವಾಜಿಗೆ ಹೆಂಡತಿ ಪಂಡರಿಬಾಯಿ. ಅಂದರೆ ಮಕ್ಕಳು ಶಿವಾಜಿಗಳಿಗೆ ತಾಯಿ. ಮಗನ ಪ್ರೇಯಸಿ ಇಲ್ಲೂ ಜಯಲಲಿತಾ. ಹೆಂಡತಿ ಮತ್ತು ಅಮ್ಮನ ನಡುವಿನ ದೂರವನ್ನು ಪಂಡರಿಬಾಯಿ ಬೇರೆ ಕಡೆ ವರ್ಷಗಟ್ಟಲೆ ತಗೊಂಡು ದಾಟಿದರು. ಇಲ್ಲಿ ಒಂದೇ ಚಿತ್ರದಲ್ಲಿ ಆಚೆ ಈಚೆ ಓಡಾಡಿದ್ದಾರೆ.

ಇದು ಒಬ್ಬರ ಕಥೆ ಅಲ್ಲ. ಲೀಲಾವತಿಯವರನ್ನು ನೋಡಿ. ಬೆಳ್ತಂಗಡಿ ಕಡೆಯಿಂದ ಮೈಸೂರಿಗೆ ಬಂದು ನಾಟಕ ಕಂಪನಿ ಸೇರಿ, ಅಲ್ಲಿಂದ ಸಿನಿಮಾಕ್ಕೆ ಹೋದವರು. 1960ರಲ್ಲಿ 'ರಾಣಿ ಹೊನ್ನಮ್ಮ', ಮೂರು ವರ್ಷ ಬಿಟ್ಟು 'ಕುಲವಧು', ಎರಡರಲ್ಲೂ ರಾಜ್‌ಕುಮಾರ್ ಎದುರು ನಾಯಕಿ. 1969ರ 'ಗೆಜ್ಜೆಪೂಜೆ'ಯಲ್ಲಿ ಕಲ್ಪನಾಗೆ ತಾಯಿ. ಕಲ್ಪನಾ ಅವರಿಗಿಂತ ಐದಾರು ವರ್ಷ ಚಿಕ್ಕವರು, ಅಷ್ಟೇ. ನಾವು ಮನೆಯಲ್ಲಿ ಐದಾರು ವರ್ಷದ ಅಂತರಕ್ಕೆ 'ಅಕ್ಕ' ಅನ್ನುತ್ತೇವೆ.

ಗಂಡಸರಿಗೆ ಹೀಗೆ ಆಗಲೇ ಇಲ್ಲವಾ? ಆಯಿತು. ನಮ್ಮೂರಲ್ಲೇ ಅದಕ್ಕೆ ಉದಾಹರಣೆ ಇದೆ. ಕೆ.ಎಸ್. ಅಶ್ವಥ್. 1955ರಲ್ಲಿ 'ಸ್ತ್ರೀರತ್ನ' ಚಿತ್ರಕ್ಕೆ ನಾಯಕನಾಗಿ ಬಂದವರು. ರಾಜ್‌ಕುಮಾರ್‌ಗಿಂತ ನಾಲ್ಕೇ ವರ್ಷ ದೊಡ್ಡವರು. ಬಹಳ ಬೇಗ ತೆರೆಯ ಮೇಲಿನ ಹಿರಿಯ ಆದರು, ಅಪ್ಪ ಆದರು, ಚಾಮಯ್ಯ ಮೇಷ್ಟ್ರು ಆದರು. ಆ 'ನಾಗರಹಾವು' ಚಿತ್ರದಲ್ಲಿ ಮೇಷ್ಟ್ರ ಹೆಂಡತಿ ತುಂಗಮ್ಮ ಲೀಲಾವತಿಯೇ. ಅಶ್ವಥ್ ಮೈಸೂರಲ್ಲೇ ಇದ್ದು 2010ರಲ್ಲಿ ಇಲ್ಲೇ ತೀರಿಕೊಂಡರು. ಹಾಗಾಗಿ 'ಹೆಂಗಸರಿಗೆ ಮಾತ್ರ ವಯಸ್ಸಾಗುತ್ತದೆ' ಅಂದರೆ ಪೂರ್ತಿ ಸರಿ ಅಲ್ಲ. ಯಾರ ಹೆಸರಿನ ಮೇಲೆ ಏರಿಯಾ ಮಾರಾಟ ಆಗುತ್ತದೋ ಅವರನ್ನು ಬಿಟ್ಟು ಉಳಿದ ಎಲ್ಲರಿಗೂ ವಯಸ್ಸಾಗುತ್ತದೆ. ಆ ಕಾಲದಲ್ಲಿ ಹಾಗೆ ಮಾರಾಟವಾಗುತ್ತಿದ್ದ ಹೆಸರುಗಳು ಹೆಚ್ಚುಪಾಲು ಗಂಡಸರದ್ದೇ ಆಗಿದ್ದವು. ಅದಕ್ಕೇ ಪೆಟ್ಟು ಜಾಸ್ತಿ ಬಿದ್ದದ್ದು ಹೆಂಗಸರಿಗೆ.

ಅಮ್ಮ ಆಗುವುದು ಅಂದರೆ ಕೆಲಸ ಕಡಿಮೆಯಾಗುವುದು ಅಂತ ನಾನು ಮೊದಲು ತಿಳಿದಿದ್ದೆ. ಹಾಗಲ್ಲ. ನಾಯಕಿ ಒಂದು ಚಿತ್ರಕ್ಕೆ ದಿನಗಟ್ಟಲೆ ಕಾಲ್‌ಶೀಟ್, ಅಂದರೆ ಚಿತ್ರೀಕರಣಕ್ಕೆ ಮೀಸಲಿಟ್ಟ ಸಮಯ, ಕೊಡಬೇಕು. ಹಾಡು, ಹೊರಾಂಗಣ, ನಾಯಕನ ಡೇಟ್ಸ್‌ಗೆ ಹೊಂದಾಣಿಕೆ, ಎಲ್ಲ ಇರುತ್ತದೆ. ಅಮ್ಮನ ದೃಶ್ಯಗಳು ಬಹುಪಾಲು ಮನೆಯೊಳಗೆ. ಒಂದೇ ಸೆಟ್, ಕೆಲವೇ ದಿನ, ಮುಗಿಸಿ ಎದ್ದರೆ ಮಧ್ಯಾಹ್ನ ಪಕ್ಕದ ಫ್ಲೋರ್‌ನಲ್ಲಿ ಇನ್ನೊಬ್ಬರಿಗೆ ಅಮ್ಮ. ಒಂದೊಂದು ಚಿತ್ರಕ್ಕೆ ಕಡಿಮೆ ಸಂಭಾವನೆ, ಆದರೆ ಚಿತ್ರಗಳ ಸಂಖ್ಯೆ ಹೆಚ್ಚು. ಅದೂ ನಾಲ್ಕು ಭಾಷೆಯಲ್ಲಿ. ನಾಯಕಿಯಾಗಿ ಹತ್ತು ಹದಿನೈದು ವರ್ಷ ನಡೆಯುವ ಬಂಡಿ, ಅಮ್ಮನಾಗಿ ಇನ್ನೂ ಇಪ್ಪತ್ತೈದು ವರ್ಷ ಉರುಳುತ್ತದೆ.

ವೇಷವೂ ಸುಲಭ. ಕಿವಿಯ ಮೇಲೆ ಎರಡು ಎಳೆ ಬಿಳಿ, ದೊಡ್ಡ ಕುಂಕುಮ, ಹೆಗಲು ಸುತ್ತಿದ ಸೆರಗು. ವಿಧವೆಯಾದರೆ ಕುಂಕುಮ ತೆಗೆದು ಬಿಳಿ ಸೀರೆ. ಮುಗಿಯಿತು. ಉಳಿದದ್ದನ್ನೆಲ್ಲ ದನಿಯೇ ಮಾಡಬೇಕು. ಪಂಡರಿಬಾಯಿಯ ದನಿಯಲ್ಲಿ ಒಂದು ಸಣ್ಣ ನಡುಕ ಇತ್ತು, ಮಾತಿನ ಕೊನೆಗೆ ಬರುವಂಥದ್ದು. ಅಮ್ಮ ಹೇಳುವ ಹಾಗೆ, ಆಕೆ "ಬಾಪ್ಪಾ" ಅಂದರೆ ಸಾಕು, ನಮಗೇ ಎದ್ದು ಹೋಗಬೇಕು ಅನ್ನಿಸುತ್ತದೆ.

'ಅನುರಾಗ ಅರಳಿತು' ಚಿತ್ರದಲ್ಲಿ ಅವರದು ಕಾಯಿಲೆಯ ತಾಯಿ. ಮಾತು ಹೆಚ್ಚಿಲ್ಲ, ಕೂತಲ್ಲೇ ನಟನೆ. ಅದರಲ್ಲಿರುವ ಶ್ರೀಕಂಠನ ಮೇಲಿನ ಹಾಡು ನಮ್ಮ ಕಡೆ ಇವತ್ತಿಗೂ ಶಿವರಾತ್ರಿಯ ಮೈಕ್‌ಗಳಲ್ಲಿ ಕೇಳುತ್ತದೆ. ಶ್ರೀಕಂಠ ಅಂದರೆ ನಮಗೆ ನಂಜನಗೂಡೇ ಅಲ್ವಾ. ಆ ಕಥೆ 1992ರಲ್ಲಿ ತಮಿಳಿಗೆ 'ಮನ್ನನ್' ಆಗಿ ಹೋಯಿತು. ರಾಜ್‌ಕುಮಾರ್ ಜಾಗದಲ್ಲಿ ರಜನಿಕಾಂತ್. ನಾಯಕಿಯೂ ಬದಲಾದರು. ತಾಯಿ ಮಾತ್ರ ಅದೇ ಪಂಡರಿಬಾಯಿ. ಅದರ ಅಮ್ಮನ ಹಾಡು ತಮಿಳುನಾಡಿನಲ್ಲಿ ಮನೆಮಾತು. ಅಲ್ಲಿನ ಎಷ್ಟೋ ಜನಕ್ಕೆ ಅವರು ಶಿವಾಜಿಯ ಮೊದಲ ನಾಯಕಿ ಅನ್ನುವುದಕ್ಕಿಂತ ರಜನಿಯ ಅಮ್ಮ ಅಂತಲೇ ಗುರುತು. 2003ರ ಜನವರಿ 29ರಂದು ಅವರು ಚೆನ್ನೈನಲ್ಲಿ ತೀರಿಕೊಂಡರು.

ಒಂದು ಚಿತ್ರವನ್ನು ಬೇಕಂತಲೇ ಕೊನೆಗೆ ಉಳಿಸಿಕೊಂಡಿದ್ದೆ. 1967ರ 'ಬೆಳ್ಳಿಮೋಡ'. ಚಂದ್ರಮತಿಯಾಗಿ ಎರಡೇ ವರ್ಷಕ್ಕೆ ಪಂಡರಿಬಾಯಿ ಇಲ್ಲಿ ಕಲ್ಪನಾಗೆ ತಾಯಿ. ಅಪ್ಪ ಅಶ್ವಥ್. ಕಾದಂಬರಿ ತ್ರಿವೇಣಿಯವರದು. ಆಕೆ ಮಂಡ್ಯದಲ್ಲಿ 1928ರಲ್ಲಿ ಹುಟ್ಟಿ ಮೈಸೂರಲ್ಲಿ ಬಾಳಿದವರು, ಚಿತ್ರ ಬರುವ ನಾಲ್ಕು ವರ್ಷ ಮುಂಚೆಯೇ ತೀರಿಕೊಂಡಿದ್ದರು. ನಿರ್ದೇಶಕ ಪಿರಿಯಾಪಟ್ಟಣ ಕಡೆಯ ಕಣಗಾಲಿನ ಪುಟ್ಟಣ್ಣ. ಅವರು ಕನ್ನಡದಲ್ಲಿ ನಿರ್ದೇಶಿಸಿದ ಮೊದಲ ಚಿತ್ರ ಇದು. ಹೊಸ ಕಾಲದ ನಾಯಕಿಯನ್ನು ಕನ್ನಡಕ್ಕೆ ತಂದುಕೊಟ್ಟ ಚಿತ್ರ ಅಂತ ಇದನ್ನು ಹೊಗಳುತ್ತಾರೆ. ಹಳೇ ಕಾಲದ ನಾಯಕಿ ಅಮ್ಮನಾಗಿ ಅದೇ ಚೌಕಟ್ಟಿನೊಳಗೆ ನಿಂತಿರುವುದನ್ನು ಯಾರೂ ಹೇಳುವುದಿಲ್ಲ.

ಕಥೆಯ ತಿರುವು ಗೊತ್ತಲ್ಲ? ಎಸ್ಟೇಟಿನ ಒಬ್ಬಳೇ ಮಗಳು ಇಂದಿರಾ. ಅವಳನ್ನು ಮದುವೆಯಾದರೆ ಆಸ್ತಿ ಎಲ್ಲ ತನಗೆ ಅಂತ ಲೆಕ್ಕ ಹಾಕಿದ ಹುಡುಗ, ಕಲ್ಯಾಣ್ ಕುಮಾರ್. ಅಷ್ಟರಲ್ಲಿ ಮದುವೆ ವಯಸ್ಸಿನ ಮಗಳಿರುವ ತಾಯಿ ಮತ್ತೆ ಬಸುರಾಗುತ್ತಾಳೆ, ಗಂಡು ಮಗು ಹುಟ್ಟುತ್ತದೆ. ಆಸ್ತಿಗೆ ವಾರಸುದಾರ ಬಂದ, ಹುಡುಗ ಹಿಂದೆ ಸರಿದ. ಇಡೀ ಕಥೆ ತಿರುಗುವುದು ಅಮ್ಮನ ಬಸಿರಿನ ಮೇಲೆ. 'ಇವಳಿಗೆ ವಯಸ್ಸಾಯಿತು, ಇನ್ನೇನಿದ್ದರೂ ಅಮ್ಮ ಅಷ್ಟೇ' ಅಂತ ಎಲ್ಲರೂ ಅಂದುಕೊಂಡ ಹೆಂಗಸಿಗೆ ಮಗು ಆಗುತ್ತದೆ! ಆ ಪಾತ್ರ ಮಾಡಿದ ನಟಿಗೆ ಆಗ ನಲವತ್ತೂ ಆಗಿರಲಿಲ್ಲ.

ಮುಂದಿನ ವಾರ ಹುಡುಗಿ ಮತ್ತೆ ಬಂದಾಗ ಮೊಬೈಲ್‌ನಲ್ಲಿ ಆ ಚಿತ್ರ ಹಾಕಿಕೊಟ್ಟೆ. ಅಮ್ಮ ಕನ್ನಡಕ ಹಾಕಿಕೊಂಡು ಪಕ್ಕಕ್ಕೆ ಬಂದು ಕೂತರು. ಪಂಡರಿಬಾಯಿ ಕಾಣಿಸಿದ ಕೂಡಲೇ ಹುಡುಗಿ, "ಇಲ್ಲೂ ಅಮ್ಮನಾ?" ಅಂದಳು.

"ಸ್ವಲ್ಪ ತಾಳು," ಅಂದರು ಅಮ್ಮ. "ಇವಳ ಮೇಲೆ ಕಣ್ಣಿಟ್ಟಿರು."